ಒಲೆಯ ಬೆಂಕಿ, ಮನೆಯ ಬೆಳಕು: ಬದಲಿಸುವ ಮುನ್ನ ಒಂದಿಷ್ಟು ವಿಚಾರ

ಸಂಸಾರವನ್ನು ತೊರೆದು ಕಾಡು ಸೇರುವುದಕ್ಕಿಂತ, ಸಂಸಾರದಲ್ಲಿದ್ದುಕೊಂಡೇ ಕಾಯಕ ಮಾಡಿ, ಬಂದುದನ್ನು ಹಂಚಿ ಉಣ್ಣುವುದು ಹಿರಿದೆಂದು ಶರಣರು ಬಾಳಿ ತೋರಿಸಿದರು. ಆ ದಾಸೋಹವು ಆರಂಭವಾಗುವುದು ಮಠದ ಮಹಾದ್ವಾರದಿಂದಲ್ಲ, ಗೃಹಿಣಿಯು ಹೊತ್ತಿಸುವ ಒಲೆಯಿಂದ. ಒಲೆ ಹೊತ್ತಿದರೆ ಪ್ರಸಾದ. ಒಲೆ ಆರಿದರೆ ಬಾಗಿಲಿಗೆ ಬಂದ ಜಂಗಮನಿಗೂ ಶಾಲೆಗೆ ಹೊರಟ ಮಗುವಿಗೂ ಒಂದೇ ಉತ್ತರ.

ಇಂದು ಆ ಒಲೆಗೆ ಬೆಂಕಿ ಬರುವುದು ಸಿಲಿಂಡರಿನಿಂದ. ದೀಪಕ್ಕೆ ಬೆಳಕು ಬರುವುದು ಕಂಬದ ತಂತಿಯಿಂದ. ಕೆಲವು ಮನೆಗಳಲ್ಲಿ ಮಾಳಿಗೆಯ ಮೇಲೆ ಕೂರಿಸಿದ ಸೌರಫಲಕದಿಂದ. ಒಬ್ಬ ಗ್ಯಾಸ್ ವಿತರಕರನ್ನು ಬಿಟ್ಟು ಇನ್ನೊಬ್ಬರ ಬಳಿಗೆ ಹೋಗುವುದು, ಊರು ಬದಲಾದಾಗ ಸಂಪರ್ಕವನ್ನು ವರ್ಗಾಯಿಸಿಕೊಳ್ಳುವುದು, ಸೌರಶಕ್ತಿಗೆ ತಿರುಗುವುದು ಇಂದಿನ ದಿನಮಾನಗಳಲ್ಲಿ ಮನೆಮನೆಯ ಮಾತಾಗಿದೆ. ಬದಲಾವಣೆ ತಪ್ಪಲ್ಲ. ಸೇವೆ ಸರಿಯಿಲ್ಲದಲ್ಲಿ ಬದಲಿಸುವುದು ಗೃಹಸ್ಥನ ಹಕ್ಕು. ಆದರೆ ಹಳೆಯ ಗಂಟನ್ನು ಬಿಚ್ಚದೆ ಹೊಸ ಗಂಟು ಹಾಕಿದರೆ ಎರಡೂ ಸಿಕ್ಕಾಗುತ್ತವೆ. ಈ ಮಾತನ್ನು ನಾವು ಪುಸ್ತಕ ಓದಿ ಕಲಿತಿಲ್ಲ, ನಮ್ಮ ಮನೆಯಲ್ಲಿಯೇ ಕಲಿತೆವು. ಆದ್ದರಿಂದ ಅದನ್ನು ಮೊದಲು ನಿವೇದಿಸಿಕೊಳ್ಳುತ್ತೇವೆ.

ಅಜ್ಜನ ಹೆಸರಿನ ಸಿಲಿಂಡರು

ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಸೇರಿಹೋದಾಗ, ಸಾವಿರಾರು ಕುಟುಂಬಗಳಂತೆ ನಾವೂ ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ಬಂದೆವು. ಬೀಸುವ ಕಲ್ಲು ಬಂತು, ದೇವರ ಜಗುಲಿಯ ಕಲ್ಲು ಬಂತು, ಗ್ಯಾಸ್ ಸಿಲಿಂಡರೂ ಬಂತು. ಸಂಪರ್ಕವನ್ನು ಅಜ್ಜ ತಮ್ಮ ಹೆಸರಿನಲ್ಲಿ ಬರೆಸಿದ್ದರು. ಠೇವಣಿ ಕಟ್ಟಿದ್ದಕ್ಕೆ ಕೊಟ್ಟ ರಸೀದಿ, ಅಂದರೆ ಚಂದಾ ಚೀಟಿ, ಆ ಸ್ಥಳಾಂತರದ ಗಡಿಬಿಡಿಯಲ್ಲಿ ಎಲ್ಲಿಯೋ ಉಳಿಯಿತು. ಕೆಲವು ವರ್ಷಗಳಲ್ಲಿ ಅಜ್ಜ ಲಿಂಗೈಕ್ಯರಾದರು. ಸಿಲಿಂಡರು ಮಾತ್ರ ತಿಂಗಳಿಗೊಮ್ಮೆ ಅವರ ಹೆಸರಿನಲ್ಲಿಯೇ ಬರುತ್ತಿತ್ತು. ಹೆಸರು ಬದಲಿಸಬೇಕೆಂಬುದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಮನೆಬಾಗಿಲಿಗೆ ಬರುವ ಒಂದು ಚೀಟಿಯ ಮೇಲಾದರೂ ಅವರ ಹೆಸರು ಇರಲಿ ಎಂಬ ಮಮತೆ ಒಂದು ಕಡೆ. ನಾಳೆ ಮಾಡಿದರಾಯಿತೆಂಬ ಆಲಸ್ಯ ಇನ್ನೊಂದು ಕಡೆ.

ಮುಂದೆ ಸಿಲಿಂಡರು ಬರುವುದು ತಡವಾಗತೊಡಗಿತು. ಸಮೀಪದ ಇನ್ನೊಂದು ಕಂಪನಿಯ ವಿತರಕರಲ್ಲಿಗೆ ಹೋಗಲು ನಿರ್ಧರಿಸಿದೆವು. ಆಗ ಗಂಟು ಬಿಗಿಯಿತು. ಹಳೆಯ ವಿತರಕರು ಮೂಲ ಚೀಟಿ ತನ್ನಿರೆಂದರು. ಅದು ಇರಲಿಲ್ಲ. ಸಂಪರ್ಕದಾರರ ಸಹಿ ಬೇಕೆಂದರು. ಅವರು ಇರಲಿಲ್ಲ. ಹೊಸಬರು, ಇದೇ ವಿಳಾಸದಲ್ಲಿ ಒಂದು ಸಂಪರ್ಕ ಚಾಲ್ತಿಯಲ್ಲಿದೆ, ಎರಡನೆಯದನ್ನು ಕೊಡಲು ಬರುವುದಿಲ್ಲವೆಂದರು. ಮರಣ ಪ್ರಮಾಣಪತ್ರ, ವಾರಸುದಾರರೆಲ್ಲರ ಒಪ್ಪಿಗೆ, ಮುದ್ರಾಂಕ ಕಾಗದದ ಮೇಲಿನ ಪ್ರತಿಜ್ಞಾಪತ್ರ ಎಂದು ಓಡಾಡುವಷ್ಟರಲ್ಲಿ ಇದ್ದ ಸಿಲಿಂಡರೂ ತೀರಿತು. ಇಪ್ಪತ್ತಾರು ದಿನ ನಮ್ಮ ಮನೆಯ ಗ್ಯಾಸಿನ ಒಲೆ ಹೊತ್ತಲಿಲ್ಲ.

ಎಪ್ಪತ್ತು ದಾಟಿದ ಅವ್ವ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ಹಸಿ ಕಟ್ಟಿಗೆ ಊದುತ್ತ ರೊಟ್ಟಿ ಬಡಿದರು. ಶ್ರಾವಣದ ಜಿಟಿಜಿಟಿ ಮಳೆ. ರಾತ್ರಿಯಿಡೀ ಅವರ ಕೆಮ್ಮು ನಮಗೆ ಕೇಳುತ್ತಿತ್ತು. ಒಂದು ದಿನ ಮಾತ್ರ ಹೇಳಿದರು: "ನಿಮ್ಮ ಅಜ್ಜಾರ ಹೆಸರು ತಗದ್ರ ಅವರೇನು ಸಿಟ್ಟಾಗ್ತಿದ್ದಿಲ್ಲೋ ತಮ್ಮಾ. ಅವರ ಸೊಸಿ ಹೊಗ್ಯಾಗ ಕುಂತದ್ದು ನೋಡಿದ್ರ ಸಿಟ್ಟಾಗ್ತಿದ್ರು."

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ವಿತರಕರನ್ನು ದೂರುವುದು ಸುಲಭ. ಆದರೆ ಅರ್ಧ ತಪ್ಪು ನಮ್ಮದೇ ಆಗಿತ್ತು. ಕಾಗದ ಗಂಡಸರ ಹೆಸರಿನಲ್ಲಿ, ಕಷ್ಟ ಹೆಂಗಸರ ಪಾಲಿನಲ್ಲಿ ಎಂಬ ಪರಿಸ್ಥಿತಿ ನಮ್ಮ ಮನೆಯದೊಂದೇ ಅಲ್ಲ. ಹುನಗುಂದದಲ್ಲಿ, ಇಳಕಲ್ಲಿನ ನೇಕಾರರ ಓಣಿಯಲ್ಲಿ, ಬಾದಾಮಿಯ ಕೋಟೆಯ ಬುಡದ ಮನೆಗಳಲ್ಲಿ ಈ ವಿಷಯ ತೆಗೆದಾಗಲೆಲ್ಲ ಇಂಥದೇ ಒಂದು ಕಥೆಯನ್ನು ಕೇಳಿದ್ದೇವೆ. ಆದಕಾರಣ ಬದಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಕ್ರಮವಾಗಿ ವಿವರಿಸಲು ಯತ್ನಿಸಿದ್ದೇವೆ.

ಯಾವುದನ್ನು ಬದಲಿಸಬಹುದು?

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಅಂಗಡಿ ಬದಲಿಸಿದಂತೆ ವಿದ್ಯುತ್ ಕಂಪನಿಯನ್ನು ಬದಲಿಸಲು ನಮ್ಮ ಭಾಗದ ಗೃಹಬಳಕೆದಾರರಿಗೆ ಅವಕಾಶವಿಲ್ಲ. 1957ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮಂಡಳಿಯು 1999ರಲ್ಲಿ ಪ್ರಸರಣ ನಿಗಮವಾಯಿತು. 2002ರಲ್ಲಿ ವಿತರಣೆಯ ಕೆಲಸವು ಬೇರೆ ಬೇರೆ ಕಂಪನಿಗಳಿಗೆ ಹಂಚಿಹೋಗಿ, ಬಾಗಲಕೋಟೆ ಜಿಲ್ಲೆಯು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ, ವ್ಯಾಪ್ತಿಗೆ ಬಂದಿತು. ವಿದ್ಯುತ್ ಕಾಯ್ದೆ 2003ರಂತೆ ಬೇರೆಡೆಯಿಂದ ವಿದ್ಯುತ್ ಖರೀದಿಸುವ ಅವಕಾಶ ದೊರೆತದ್ದು ಒಂದು ಮೆಗಾವಾಟಿಗಿಂತ ಹೆಚ್ಚು ಬೇಡಿಕೆಯ ದೊಡ್ಡ ಕಾರಖಾನೆಗಳಿಗೆ. ಹಸಿರು ಇಂಧನಕ್ಕೆ ಸಂಬಂಧಿಸಿ 2022ರಲ್ಲಿ ಈ ಮಿತಿಯನ್ನು 100 ಕಿಲೋವಾಟಿಗೆ ಇಳಿಸಲಾಯಿತು. ಎರಡು ಮೂರು ಕಿಲೋವಾಟಿನ ನಮ್ಮ ಮನೆಗಳಿಗೆ ಅದೂ ದೂರವೇ. ಒಂದೇ ಪ್ರದೇಶದಲ್ಲಿ ಹಲವು ಕಂಪನಿಗಳು ಸ್ಪರ್ಧಿಸಲು ಅನುವಾಗುವ ಮಸೂದೆಯೊಂದು 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದಿತ್ತಾದರೂ ಆ ಲೋಕಸಭೆಯ ಅವಧಿಯೊಂದಿಗೆ ಅದೂ ಮುಗಿಯಿತು.

ಸ್ಪರ್ಧೆ ಬಂದರೆ ಎಲ್ಲವೂ ಸರಿಹೋಗುವುದೆಂದು ನಂಬುವವರು ಬೇರೆಡೆಯ ಅನುಭವವನ್ನೂ ಗಮನಿಸಬೇಕು. ಮುಂಬಯಿಯಲ್ಲಿ 2009ರ ನಂತರ ಲಕ್ಷಾಂತರ ಮನೆಗಳು ಒಂದು ಕಂಪನಿಯ ತಂತಿಯ ಮೂಲಕವೇ ಇನ್ನೊಂದು ಕಂಪನಿಯ ವಿದ್ಯುತ್ತನ್ನು ಪಡೆಯತೊಡಗಿದವು. ದರ ಕಡಿಮೆಯೆಂದು ಹೋದವರ ಬಿಲ್ಲಿಗೆ 2011ರಲ್ಲಿ ಹೆಚ್ಚುವರಿ ಮೇಲ್ತೆರಿಗೆಯೊಂದು ಸೇರಿತು. ಲಾಭದ ಲೆಕ್ಕ ಮೊದಲಿನಂತೆ ಉಳಿಯಲಿಲ್ಲ. ಮನೆಮನೆಯೂ ಕಂಪನಿ ಬದಲಿಸಬಲ್ಲ ಇಂಗ್ಲೆಂಡಿನಲ್ಲಿ, 2021ರಲ್ಲಿ ಅನಿಲದ ಬೆಲೆ ಒಮ್ಮೆಲೇ ಏರಿದಾಗ, ಅಗ್ಗದ ದರ ತೋರಿಸಿ ಗ್ರಾಹಕರನ್ನು ಸೆಳೆದಿದ್ದ ಇಪ್ಪತ್ತೈದಕ್ಕೂ ಹೆಚ್ಚು ಕಂಪನಿಗಳು ಕೆಲವೇ ತಿಂಗಳಲ್ಲಿ ಮುಚ್ಚಿದವು. ದೀಪಗಳೇನೋ ಆರಲಿಲ್ಲ, ಅಲ್ಲಿಯ ನಿಯಂತ್ರಣ ಸಂಸ್ಥೆ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ಒಪ್ಪಿಸಿತು. ಆದರೆ ಆ ಖರ್ಚು ಕೊನೆಗೆ ಎಲ್ಲರ ಬಿಲ್ಲಿನ ಮೇಲೆ ಬಿದ್ದಿತು. ಇಂದಿನ ದರವೊಂದನ್ನೇ ನೋಡಿ ಬದಲಿಸಬಾರದೆಂಬ ಪಾಠ ಈ ಎರಡು ಉದಾಹರಣೆಗಳಲ್ಲಿದೆ.

ಹಾಗಾದರೆ ನಮ್ಮ ಕೈಯಲ್ಲಿರುವ ಬದಲಾವಣೆ ಮೂರು: ಅಡುಗೆ ಅನಿಲದ ವಿತರಕರು, ಮನೆ ಬದಲಾದಾಗ ಬದಲಾಗುವ ಮೀಟರು, ಮತ್ತು ಮಾಳಿಗೆಯ ಮೇಲಿನ ಸೌರವಿದ್ಯುತ್ತು.

ಅಡುಗೆ ಅನಿಲ: ಮೂರು ದಾರಿ, ಮೂರು ಲೆಕ್ಕ

ಗ್ರಾಹಕನು ತನಗೆ ಬೇಕಾದ ವಿತರಕರನ್ನು ಆರಿಸಿಕೊಳ್ಳುವ ವ್ಯವಸ್ಥೆಯು 2013ರ ಅಕ್ಟೋಬರ್‌ನಲ್ಲಿ 24 ನಗರಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2014ರ ಜನವರಿಯಲ್ಲಿ ಅದನ್ನು 480 ಜಿಲ್ಲೆಗಳಿಗೆ ವಿಸ್ತರಿಸಲಾಯಿತು. ಸಮೀಪದ ವಿತರಕರನ್ನು ಒಂದು ಗುಂಪಾಗಿ ಮಾಡಿ, ಆ ಗುಂಪಿನೊಳಗೆ ಬದಲಿಸಿಕೊಳ್ಳುವ ಅವಕಾಶವಿದು. ಹತ್ತಿರದಲ್ಲಿ ಒಬ್ಬರೇ ವಿತರಕರಿರುವ ಊರಿನಲ್ಲಿ ಈ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಮೊದಲನೆಯ ದಾರಿ, ಕಂಪನಿ ಅದೇ, ವಿತರಕರು ಮಾತ್ರ ಬೇರೆ. ಇಲ್ಲಿ ತೊಂದರೆ ಕಡಿಮೆ. ಸಿಲಿಂಡರು, ರೆಗ್ಯುಲೇಟರುಗಳನ್ನು ಮರಳಿಸಬೇಕಾಗಿಲ್ಲ, ದಾಖಲೆಯಷ್ಟೇ ವರ್ಗವಾಗುತ್ತದೆ.

ಎರಡನೆಯದು, ಕಂಪನಿಯನ್ನೇ ಬದಲಿಸುವುದು. ಸಿಲಿಂಡರು ಮತ್ತು ರೆಗ್ಯುಲೇಟರು ನಮ್ಮ ಸ್ವತ್ತಲ್ಲ. ಠೇವಣಿಯ ಮೇಲೆ ಕಂಪನಿ ಕೊಟ್ಟ ವಸ್ತುಗಳು. ಅವನ್ನು ಹಳೆಯ ವಿತರಕರಿಗೆ ಒಪ್ಪಿಸಿ, ಠೇವಣಿ ಮರಳಿ ಪಡೆದು, ಅವರು ಕೊಡುವ ಕಾಗದದೊಂದಿಗೆ ಹೊಸಬರಲ್ಲಿಗೆ ಹೋಗಬೇಕು. ಒಲೆ ಮತ್ತು ರಬ್ಬರ್ ಕೊಳವೆ ಮಾತ್ರ ನಮ್ಮವು.

ಮೂರನೆಯದು, ಊರನ್ನೇ ಬಿಡುವುದು. ಇಳಕಲ್ಲಿನಿಂದ ಬಾಗಲಕೋಟೆಗೆ ವರ್ಗವಾದ ಶಿಕ್ಷಕರೊಬ್ಬರು ಸಿಲಿಂಡರನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗುವುದನ್ನು ನಾವು ಕಂಡಿದ್ದೇವೆ. ಇದು ಸರಿಯಲ್ಲ. ಹಳೆಯ ಊರಿನಲ್ಲಿ ಸಿಲಿಂಡರು ಒಪ್ಪಿಸಿ, ಸಂಪರ್ಕ ಮುಗಿಸಿದ ಚೀಟಿ ಪಡೆದು, ಹೊಸ ಊರಿನಲ್ಲಿ ಅದನ್ನು ತೋರಿಸಿ ಸಂಪರ್ಕ ಪಡೆಯಬೇಕು.

ಇಲ್ಲಿ ಠೇವಣಿಯ ಲೆಕ್ಕವನ್ನು ಚೆನ್ನಾಗಿ ಗಮನಿಸಬೇಕು. ಹಳೆಯ ಕಂಪನಿ ಮರಳಿಸುವುದು ಅಂದು ನಾವು ಕಟ್ಟಿದ ಮೊತ್ತವನ್ನು, ಇಂದಿನ ದರವನ್ನಲ್ಲ. 14.2 ಕಿಲೋಗ್ರಾಂ ಸಿಲಿಂಡರಿನ ಠೇವಣಿಯನ್ನು 2022ರ ಜೂನ್‌ನಲ್ಲಿ 1,450 ರೂಪಾಯಿಗಳಿಂದ 2,200 ರೂಪಾಯಿಗಳಿಗೂ, ರೆಗ್ಯುಲೇಟರಿನ ಠೇವಣಿಯನ್ನು 150ರಿಂದ 250 ರೂಪಾಯಿಗಳಿಗೂ ಏರಿಸಲಾಯಿತು. ಕೆಲವು ನೂರು ರೂಪಾಯಿ ಕಟ್ಟಿದ್ದ ಹಿರಿಯರ ಸಂಪರ್ಕವನ್ನು ಬಿಟ್ಟು ಹೊಸದಾಗಿ ಬರೆಸಿಕೊಂಡರೆ ವ್ಯತ್ಯಾಸ ದೊಡ್ಡದು. ಎರಡು ಸಿಲಿಂಡರಿದ್ದರೆ ಅದು ಇಮ್ಮಡಿ. ಆದರೆ 2014ರಲ್ಲಿ ವಿತರಕರ ಬದಲಾವಣೆಯ ಯೋಜನೆಯನ್ನು ಸಾರಿದಾಗ, ಅದರಡಿ ಬದಲಿಸುವವರಿಂದ ವರ್ಗಾವಣೆ ಶುಲ್ಕವನ್ನಾಗಲಿ ಹೆಚ್ಚಿನ ಠೇವಣಿಯನ್ನಾಗಲಿ ಪಡೆಯುವುದಿಲ್ಲವೆಂದು ಸರ್ಕಾರ ತಿಳಿಸಿತ್ತು. ಆದ್ದರಿಂದ ಬೇಸರದಿಂದ ಹಳೆಯದನ್ನು ಕೈಬಿಟ್ಟು ಹೊಸ ಸಂಪರ್ಕಕ್ಕೆ ಅರ್ಜಿ ಹಾಕಬೇಡಿ. ಬದಲಾವಣೆಯ ಯೋಜನೆಯಡಿಯೇ ಅರ್ಜಿ ಹಾಕಿ, ಎಷ್ಟು ಕಟ್ಟಬೇಕೆಂಬುದನ್ನು ಬರವಣಿಗೆಯಲ್ಲಿ ಕೇಳಿ.

ಉಜ್ವಲಾ ಯೋಜನೆಯ ತಾಯಂದಿರು ಇನ್ನೂ ಒಂದು ಎಚ್ಚರ ವಹಿಸಬೇಕು. 2016ರ ಮೇ 1ರಂದು ಆರಂಭವಾದ ಈ ಯೋಜನೆಯಲ್ಲಿ ಸಂಪರ್ಕ ಗೃಹಿಣಿಯ ಹೆಸರಿನಲ್ಲಿಯೇ ಇರುತ್ತದೆ. ಇದು ಮೆಚ್ಚತಕ್ಕ ಸಂಗತಿ. 2025-26ನೇ ಸಾಲಿಗೆ ವರ್ಷಕ್ಕೆ 9 ಸಿಲಿಂಡರುಗಳವರೆಗೆ ತಲಾ 300 ರೂಪಾಯಿ ಸಹಾಯಧನಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಆಧಾರ್, ಬ್ಯಾಂಕ್ ಖಾತೆ, ಗ್ರಾಹಕ ಸಂಖ್ಯೆ ಈ ಮೂರೂ ಒಂದಕ್ಕೊಂದು ಕೂಡಿದ್ದರೆ ಮಾತ್ರ ಹಣ ಖಾತೆಗೆ ಬರುತ್ತದೆ. ಬದಲಾವಣೆಯ ನಂತರದ ಮೊದಲ ಎರಡು ಸಿಲಿಂಡರುಗಳ ಸಹಾಯಧನ ಜಮೆಯಾಯಿತೇ ಎಂದು ಪಾಸ್‌ಬುಕ್ ನೋಡಿಕೊಳ್ಳತಕ್ಕದ್ದು.

ಹಣಕ್ಕಿಂತ ದೊಡ್ಡ ಅಪಾಯ

ನಮ್ಮ ಓಣಿಗಳಲ್ಲಿ ಕೈಗಡ ಸಿಲಿಂಡರಿನ ರೂಢಿಯಿದೆ. "ನಮ್ಮದು ಬರೂತನಕ ನಿಮ್ಮದೊಂದು ಕೊಡ್ರಿ ಅಕ್ಕಾರ" ಎಂದು ನೆರೆಯವರು ಕೇಳಿದರೆ ಇಲ್ಲವೆನ್ನಲು ಬಾಯಿ ಬಾರದು. ಸಂಪರ್ಕ ಬದಲಿಸುವ ದಿನಗಳಲ್ಲಿ ಈ ಕೈಗಡ ಹೆಚ್ಚು. ಆದರೆ ತೈಲ ಕಂಪನಿಗಳು ಗ್ರಾಹಕರಿಗಾಗಿ ಮಾಡಿಸಿರುವ ಅಪಘಾತ ವಿಮೆಯಲ್ಲಿ, ಮನೆಯ ಆಸ್ತಿಗೆ ಆದ ನಷ್ಟಕ್ಕೆ ಪರಿಹಾರ ಸಿಗುವುದು ನೋಂದಾಯಿತ ವಿಳಾಸದಲ್ಲಿ ದುರಂತ ಸಂಭವಿಸಿದಾಗ. ಹೊಸ ಮನೆಗೆ ಬಂದು ವರ್ಷಗಳಾದರೂ ವಿಳಾಸ ಹಳೆಯದೇ ಇದ್ದರೆ, ನೆರೆಮನೆಯ ಸಿಲಿಂಡರಿನಿಂದ ನಮ್ಮ ಮನೆಯಲ್ಲಿ ಬೆಂಕಿ ಹತ್ತಿದರೆ, ಯಾವ ಮುಖದಿಂದ ಪರಿಹಾರ ಕೇಳುವುದು? ಉಪಕಾರ ಮಾಡಬೇಕೆಂದರೆ ಎರಡು ಹೊತ್ತು ನೆರೆಯವರನ್ನು ಊಟಕ್ಕೆ ಕರೆಯಿರಿ, ಸಿಲಿಂಡರು ಕೊಡಬೇಡಿ.

ಹೊಸ ಸಿಲಿಂಡರು ಬಂದ ದಿನ ನೋಡತಕ್ಕ ಕೆಲವು ಅಂಶಗಳಿವೆ. ಸಿಲಿಂಡರಿನ ಮೇಲ್ಭಾಗದ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದು ಮತ್ತು ಎರಡಂಕಿಯ ವರ್ಷ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಮುಂದಿನ ಪರೀಕ್ಷೆಯ ಗಡುವು ಅದು. ಆ ಅವಧಿ ದಾಟಿದ ಸಿಲಿಂಡರನ್ನು ಬಾಗಿಲಲ್ಲಿಯೇ ಮರಳಿಸಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ, ಅದಕ್ಕೆ 14.2 ಕಿಲೋ ಕೂಡಿಸಿದರೆ ಒಟ್ಟು ತೂಕ. ತೂಗಿ ಕೊಡಿರೆಂದು ಕೇಳಲು ಸಂಕೋಚ ಬೇಡ. ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅದಕ್ಕೂ ಮೊದಲೇ, ಬದಲಿಸಬೇಕು. ಜೋಡಿಸಿದ ಮೇಲೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಬರುವುದೇ ನೋಡಬೇಕೇ ವಿನಾ ಕಡ್ಡಿ ಗೀರಿ ನೋಡಬಾರದು.

ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿಯೇ ಹರಡಿ ನಿಲ್ಲುತ್ತದೆ. ಬೆಳಕಿಂಡಿ ಮಾಳಿಗೆಯಲ್ಲಿದ್ದು, ಕೆಳಗೆ ಕಿಟಕಿಯಿಲ್ಲದ ನಮ್ಮ ಹಳೆಯ ಅಡುಗೆಮನೆಗಳಲ್ಲಿ ಇದು ವಿಶೇಷ ಅಪಾಯ. ವಾಸನೆ ಬಂದರೆ ದೀಪದ ಗುಂಡಿ ಒತ್ತಬಾರದು, ದೇವರ ದೀಪವೂ ಉರಿಯಬಾರದು. ರೆಗ್ಯುಲೇಟರು ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಈ ಸಂಖ್ಯೆ ಹಗಲಿರುಳೂ ಇರುತ್ತದೆ, ಕಂಪನಿ ಯಾವುದಾದರೂ ಸರಿ.

ಮನೆ ಬದಲಾದರೆ ಮೀಟರಿನ ಕಥೆ

ನವನಗರದಲ್ಲಿ ಮನೆ ಕೊಳ್ಳುವವರು, ಬಾಡಿಗೆಗೆ ಬರುವವರು ಹೆಚ್ಚು. ಮನೆಯ ಉತಾರ, ತೆರಿಗೆ ರಸೀದಿ ನೋಡುವ ಜಾಣರು ಆರ್.ಆರ್. ಸಂಖ್ಯೆಯ ಬಾಕಿಯನ್ನು ನೋಡುವುದಿಲ್ಲ. ಹಿಂದಿನ ಮಾಲೀಕನ ವಿದ್ಯುತ್ ಬಾಕಿಯನ್ನು, ನಿಯಮಗಳಲ್ಲಿ ಅವಕಾಶವಿದ್ದಲ್ಲಿ, ಹೊಸ ಮಾಲೀಕನಿಂದ ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2023ರ ಮೇ ತಿಂಗಳಲ್ಲಿ ತೀರ್ಪು ನೀಡಿದೆ. ಖರೀದಿಗೆ ಮುನ್ನ ಹೆಸ್ಕಾಂ ಕಚೇರಿಯಿಂದ ಬಾಕಿಯಿಲ್ಲವೆಂಬ ಪತ್ರ ಪಡೆಯುವುದು ಅವಶ್ಯ. ಖರೀದಿಯ ನಂತರ ಮೀಟರಿನ ಹೆಸರನ್ನೂ ಬದಲಿಸಿಕೊಳ್ಳಬೇಕು. ನಮ್ಮ ಅಜ್ಜನ ಸಿಲಿಂಡರಿನ ಕಥೆ ಮೀಟರಿಗೂ ಅನ್ವಯಿಸುತ್ತದೆ.

ಬಾಡಿಗೆಯವರಿಗೆ ಗೃಹಜ್ಯೋತಿಯ ಗಂಟು. 2023ರಲ್ಲಿ ಈ ಯೋಜನೆ ಜಾರಿಯಾದಾಗ, 2022-23ರ ಸರಾಸರಿ ಬಳಕೆಗೆ ಶೇಕಡಾ 10ನ್ನು ಕೂಡಿಸಿ, 200 ಯೂನಿಟ್ಟಿನ ಒಳಗೆ ಉಚಿತವೆಂದು ನಿಗದಿಯಾಯಿತು. ಈ ಸೌಲಭ್ಯವು ಆಧಾರ್ ಮತ್ತು ಆರ್.ಆರ್. ಸಂಖ್ಯೆಗಳ ಜೋಡಣೆಯ ಮೇಲೆ ನಿಂತಿದೆ. ಮನೆ ಬಿಟ್ಟ ಕುಟುಂಬವು ಹಳೆಯ ಜೋಡಣೆಯನ್ನು ಬಿಡಿಸದಿದ್ದರೆ ಹೊಸ ಮನೆಯಲ್ಲಿ ಸೌಲಭ್ಯ ಸಿಗದು. ಆ ಹಳೆಯ ಮನೆಗೆ ಬಂದವರಿಗೂ ತೊಡಕು. ಜೋಡಣೆ ಬಿಡಿಸುವ ವ್ಯವಸ್ಥೆಯನ್ನು 2024ರಲ್ಲಿ ಕಲ್ಪಿಸಲಾಗಿದೆ. ಬಳಕೆಯ ಇತಿಹಾಸವಿಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿಯಾದ 53 ಯೂನಿಟ್ಟನ್ನೇ ಆಧಾರವಾಗಿ ಹಿಡಿದರು. ಹಿಂದಿನ ಮನೆಯಲ್ಲಿ ತಿಂಗಳಿಗೆ ನೂರು ಯೂನಿಟ್ ಉಚಿತ ಪಡೆದ ಕುಟುಂಬವು ಹೊಸ ಮನೆಯಲ್ಲಿಯೂ ಅಷ್ಟೇ ಸಿಗುವುದೆಂದು ನಂಬಿದರೆ ಮೊದಲ ಬಿಲ್ಲಿನಲ್ಲಿಯೇ ಬೆಚ್ಚಬೇಕಾಗುತ್ತದೆ.

ಬಿಲ್ಲಿನ ತಕರಾರು ಕಚೇರಿಯಲ್ಲಿ ಬಗೆಹರಿಯದಿದ್ದರೆ 1912ಕ್ಕೆ ದೂರು, ಅಲ್ಲಿಂದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಎಂಬ ಮೆಟ್ಟಿಲುಗಳಿವೆ. ಲೈನ್‌ಮನ್ನರೊಡನೆ ಬೀದಿಯಲ್ಲಿ ಜಗಳವಾಡುವುದಕ್ಕಿಂತ ಒಂದು ಬಿಳಿ ಹಾಳೆಯ ಅರ್ಜಿ, ಅದಕ್ಕೊಂದು ಸ್ವೀಕೃತಿ ಲೇಸು.

ಮಾಳಿಗೆಯ ಮೇಲಿನ ಸೂರ್ಯ

ನಮ್ಮ ನಾಡಿನ ಬಿಸಿಲಿಗೆ ಯಾರ ಶಿಫಾರಸೂ ಬೇಡ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಒಂದು ಕೋಟಿ ಮನೆಗಳ ಗುರಿಯಿಟ್ಟು ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30,000, 2 ಕಿಲೋವಾಟಿಗೆ 60,000, 3 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಒಂದು ಕಿಲೋವಾಟಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ದೊರೆಯಬಹುದು.

ಆದರೆ ಸಹಿ ಮಾಡುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು, ನಮಗೆ ಇದು ಬೇಕೇ? ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುತ್ತಿರುವ ಮನೆಯು ಸಾಲ ಮಾಡಿ ಫಲಕ ಹಾಕಿಸಿದರೆ ಉಳಿಯುವುದು ಏನೆಂಬುದನ್ನು ಲೆಕ್ಕ ಹಾಕಬೇಕು. ತಿಂಗಳಿಗೆ 200 ಯೂನಿಟ್ ಮೀರುವ ಮನೆಯ ಲೆಕ್ಕ ಬೇರೆ.

ಎರಡನೆಯದು, ಕರೆಂಟು ಹೋದಾಗ ದೀಪ ಉರಿಯುವುದೇ? ಬ್ಯಾಟರಿಯಿಲ್ಲದೆ ಹೆಸ್ಕಾಂ ತಂತಿಗೆ ಕೂಡಿಸಿದ ಸೌರವ್ಯವಸ್ಥೆಯು ತಂತಿಯಲ್ಲಿ ವಿದ್ಯುತ್ ನಿಂತ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಏರಿ ದುರಸ್ತಿ ಮಾಡುವ ಲೈನ್‌ಮನ್ನನ ಜೀವರಕ್ಷಣೆಗಾಗಿ ಹಾಗೆ ರಚಿಸಲಾಗಿದೆ. ಬಾದಾಮಿಯ ಒಬ್ಬ ಗೃಹಸ್ಥರು ಲೋಡ್‌ಶೆಡ್ಡಿಂಗಿನ ತೊಂದರೆ ತಪ್ಪಲೆಂದೇ ಫಲಕ ಹಾಕಿಸಿ, ಮೊದಲ ದಿನವೇ ಕತ್ತಲಲ್ಲಿ ಕುಳಿತು, "ಇದನ್ನ ಮೊದಲ ಯಾರೂ ಹೇಳ್ಲಿಲ್ರಿ" ಎಂದು ನಮ್ಮೆದುರು ಪೇಚಾಡಿದರು.

ಮೂರನೆಯದು, ಮಾಳಿಗೆ ತಡೆಯುವುದೇ? ಮಣ್ಣಿನ ಮೇಲ್ಮುದ್ದೆಯ ಹಳೆಯ ಮಾಳಿಗೆ ಈ ಭಾರಕ್ಕೂ ಗಾಳಿಗೂ ತಕ್ಕುದಲ್ಲ. ಕಾಂಕ್ರೀಟಿನ ಮಾಳಿಗೆಯಲ್ಲಿಯೂ ಕೊರೆದ ರಂಧ್ರ ಸರಿಯಾಗಿ ಮುಚ್ಚದಿದ್ದರೆ ಮಳೆಗಾಲದಲ್ಲಿ ಸೋರುತ್ತದೆ. ಬಾದಾಮಿಯಲ್ಲಿ ಮಂಗಗಳ ಹಾವಳಿ, ಇಳಕಲ್ಲಿನಲ್ಲಿ ಗ್ರಾನೈಟ್ ಕೆಲಸದ ದೂಳು. ದೂಳು ಕೂತ ಫಲಕ ಕಡಿಮೆ ವಿದ್ಯುತ್ ಕೊಡುತ್ತದೆ. ಅದನ್ನು ತೊಳೆಯುವವರು ಯಾರೆಂಬುದನ್ನು ಮೊದಲೇ ನಿಶ್ಚಯಿಸಬೇಕು.

ನಾಲ್ಕನೆಯದು, ಹಾಕಿಸುವವರು ಯಾರು? ಯೋಜನೆಯಲ್ಲಿ ನೋಂದಾಯಿತರಾದ ಗುತ್ತಿಗೆದಾರರಿಂದಲೇ ಮಾಡಿಸಿದರೆ ಮಾತ್ರ ಸಹಾಯಧನ. ಅವರು ಐದು ವರ್ಷ ನಿರ್ವಹಣೆಗೆ ಬದ್ಧರು. ಸಹಾಯಧನ ಬರುವುದು ಕೆಲಸ ಮುಗಿದು, ಮೀಟರು ಕೂತು, ತಪಾಸಣೆಯಾದ ಮೇಲೆ, ನೇರವಾಗಿ ನಮ್ಮ ಖಾತೆಗೆ. ಪೂರ್ತಿ ಹಣವನ್ನು ಮುಂಗಡವಾಗಿ ಕೇಳುವವರಿಂದ ದೂರವಿರಬೇಕು.

ಫೋನಿನಲ್ಲಿ ಬರುವ ಅಧಿಕಾರಿಗಳು

"ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ವಿದ್ಯುತ್ ಕಡಿತ", "ನಿಮ್ಮ ಗ್ಯಾಸ್ ಸಂಪರ್ಕದ ಪರಿಶೀಲನೆ ಬಾಕಿ" ಎಂಬ ಸಂದೇಶಗಳು ದೇಶದಾದ್ಯಂತ ಬಹಳ ಮನೆಗಳ ಉಳಿತಾಯವನ್ನು ನುಂಗಿವೆ. ಸಂಪರ್ಕ ಬದಲಿಸುತ್ತಿರುವವನಿಗೆ ಇಂಥ ಕರೆ ಬಂದರೆ ನಿಜವೆನ್ನಿಸುವುದು ಸಹಜ. ಫೋನಿಗೆ ಬಂದ ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬಾರದು. ಸಿಲಿಂಡರು ಮನೆಗೆ ಬಂದಾಗ ಕೇಳುವ ವಿತರಣಾ ಸಂಖ್ಯೆಯನ್ನು ಸಹ, ಸಿಲಿಂಡರು ಕಣ್ಣೆದುರಿಗಿದ್ದಾಗ ಮಾತ್ರ ಹೇಳಬೇಕು. ಉಳಿದುದಕ್ಕೆಲ್ಲ ಕಚೇರಿಗೇ ಹೋಗುವುದು ಒಳ್ಳೆಯದು.

ಮಾಡಬೇಕಾದ ಕೆಲಸ

1. ಗ್ಯಾಸ್, ಮೀಟರು, ಸೌರ ಇವುಗಳ ಎಲ್ಲ ಚೀಟಿಗಳನ್ನು ಒಂದೇ ಚೀಲದಲ್ಲಿರಿಸಿ. ಅದು ಎಲ್ಲಿದೆಯೆಂಬುದು ಮನೆಯ ಹೆಣ್ಣುಮಕ್ಕಳಿಗೂ ತಿಳಿದಿರಲಿ.

2. ಲಿಂಗೈಕ್ಯರಾದ ಹಿರಿಯರ ಹೆಸರಿನಲ್ಲಿರುವ ಸಂಪರ್ಕಗಳನ್ನು ಅವರ ಪುಣ್ಯಸ್ಮರಣೆಯ ಮೊದಲ ವರ್ಷದೊಳಗೇ ವರ್ಗಾಯಿಸಿ. ಸಾಧ್ಯವಾದಲ್ಲಿ ಗೃಹಿಣಿಯ ಹೆಸರಿಗೆ ಬರೆಸಿ.

3. ಗ್ಯಾಸ್ ಸಂಪರ್ಕ ಮುಗಿಸಿದ ಚೀಟಿ ಮತ್ತು ಠೇವಣಿ ಕೈಗೆ ಬರದೆ ಹಳೆಯ ಸಿಲಿಂಡರು, ರೆಗ್ಯುಲೇಟರು ಬಿಡಬೇಡಿ.

4. ಮದುವೆ, ಜಾತ್ರೆ, ಶ್ರಾವಣದ ಪ್ರವಚನಗಳ ಮುಂದೆ ಬದಲಾವಣೆಗೆ ಕೈ ಹಾಕಬೇಡಿ. ಬನಶಂಕರಿ ಜಾತ್ರೆಗೆ ಬೀಗರು ಬಂದಿರುವಾಗ ಒಲೆ ಆರಿದರೆ ಅದರ ಕಷ್ಟ ಹೇಳತೀರದು.

5. ಬದಲಾವಣೆಯ ವಿಚಾರವನ್ನು ಅಡುಗೆ ಮಾಡುವವರೊಡನೆ ಮೊದಲು ಮಾತನಾಡಿ. ಸಿಲಿಂಡರು ಎಷ್ಟು ದಿನ ಬಾಳುತ್ತದೆ, ಯಾವ ವಿತರಕರು ಹೊತ್ತಿಗೆ ತರುತ್ತಾರೆಂಬುದು ಅವರಿಗೇ ಗೊತ್ತು.

ಕೊನೆಯದಾಗಿ ಒಂದು ಮಾತು. ಆಲಮಟ್ಟಿಯ ವಿದ್ಯುದಾಗಾರದಲ್ಲಿ 290 ಮೆಗಾವಾಟ್ ಉತ್ಪಾದನೆಯ ಯಂತ್ರಗಳಿವೆ. ಆ ನೀರಿಗಾಗಿ ನಮ್ಮ ಜನ ಮನೆ, ಹೊಲ, ಹಿರಿಯರ ಗದ್ದುಗೆಗಳನ್ನು ಬಿಟ್ಟುಕೊಟ್ಟಿದ್ದಾರೆ. ಇಷ್ಟು ದೊಡ್ಡ ಬದಲಾವಣೆಯನ್ನು ತಾಳಿಕೊಂಡ ಜನ ಒಂದು ಚೀಟಿಯ ಅಲಕ್ಷ್ಯಕ್ಕಾಗಿ ಕತ್ತಲಲ್ಲಿ, ಹೊಗೆಯಲ್ಲಿ ಕೂರುವುದು ಸಲ್ಲದು. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ನಾಳೆ ಮಾಡಿದರಾಯಿತೆಂಬುದೂ ಒಂದು ಚಟವೇ. ಅದನ್ನೂ ಆ ಜೋಳಿಗೆಗೆ ಹಾಕೋಣ.

ನಮ್ಮ ಮನೆಯ ಸಂಪರ್ಕ ಈಗ ಅವ್ವನ ಹೆಸರಿನಲ್ಲಿದೆ. ಅಜ್ಜನ ಹೆಸರಿದ್ದ ಹಳೆಯ ಗ್ಯಾಸ್ ಪುಸ್ತಕವನ್ನು ಅವ್ವ ಎಸೆದಿಲ್ಲ. ಅದು ದೇವರ ಜಗುಲಿಯ ಕೆಳಗಿನ ಮಾಡಿನಲ್ಲಿ, ವಿಭೂತಿಯ ಕರಡಿಗೆಯ ಪಕ್ಕದಲ್ಲಿದೆ. ನೆನಪಿಗೆ ಇರಬೇಕಾದ ಜಾಗ ಅದು. ಒಲೆಯ ಬಳಿ ಇರಬೇಕಾದದ್ದು ಒಲೆ ಹೊತ್ತಿಸುವವರ ಹೆಸರು.